ಕೈಯೊಗೆತವೋ, ಮಷಿನ್ನೋ, ಡ್ರೈಕ್ಲೀನೋ: ಹತ್ತಿ, ಲಿನನ್, ಉಣ್ಣೆ, ರೇಷ್ಮೆ ಬಾಳಿಕೆ ಬರಲು ಯಾವುದಕ್ಕೆ ಯಾವ ದಾರಿ

ಉಟ್ಟು ಸವೆಯುವುದಕ್ಕಿಂತ ಒಗೆದು, ಹಿಂಡಿ, ಒಣಗಿಸಿ ಸವೆಯುವ ಬಟ್ಟೆಯೇ ಹೆಚ್ಚು. ಡ್ರೈಯರ್‌ನ ಜಾಲರಿಯಲ್ಲಿ ಪ್ರತಿ ಸಲವೂ ಸಿಗುವ ಬೂದು ಜುಂಗು ಬಟ್ಟೆಯಿಂದಲೇ ಉದುರಿದ ಎಳೆ. ಹಾಗಾಗಿ ಇಲ್ಲಿ ಹೋಲಿಸಿರುವುದು ಒಗೆಯುವ, ಒಣಗಿಸುವ, ಇಡುವ ದಾರಿಗಳನ್ನು. ಹತ್ತಿಗೆ ಒಳ್ಳೆಯದಾದದ್ದು ಉಣ್ಣೆಯನ್ನು ಒಂದೇ ಒಗೆತದಲ್ಲಿ ಕೆಡಿಸಬಲ್ಲದು. ಎಲ್ಲಕ್ಕೂ ಹೊಂದುವ ಒಂದು ದಾರಿ ಎಂಬುದಿಲ್ಲ.

ಮೊದಲು ಎಳೆ ಯಾವುದೆಂದು ತಿಳಿಯಿರಿ

ಹತ್ತಿ, ಲಿನನ್, ಸೆಣಬು ಗಿಡದಿಂದ ಬಂದವು; ಅವುಗಳ ಮೈ ಸೆಲ್ಯುಲೋಸ್. ಉಣ್ಣೆ, ಪಶ್ಮೀನಾ, ರೇಷ್ಮೆ ಪ್ರಾಣಿ ಮತ್ತು ಹುಳುವಿನಿಂದ ಬಂದವು. ಅವುಗಳ ಮೈ ಪ್ರೋಟೀನ್. ಮುಂದಿನ ಬಹುತೇಕ ನಿರ್ಧಾರಗಳು ಈ ಒಂದು ವ್ಯತ್ಯಾಸದ ಮೇಲೆಯೇ ನಿಂತಿವೆ. ಸೆಲ್ಯುಲೋಸ್ ಕ್ಷಾರವನ್ನು ತಡೆದುಕೊಳ್ಳುತ್ತದೆ, ಆಮ್ಲಕ್ಕೆ ಸೋಲುತ್ತದೆ. ಪ್ರೋಟೀನ್ ಎಳೆ ಸೌಮ್ಯ ಆಮ್ಲಕ್ಕೆ ಹೆದರುವುದಿಲ್ಲ, ಕ್ಷಾರ ಬಿದ್ದರೆ ಒರಟಾಗಿ ಕ್ರಮೇಣ ಕರಗುತ್ತದೆ. ಸಾಮಾನ್ಯ ಬಟ್ಟೆ ಪುಡಿ ಕ್ಷಾರೀಯ ಎಂಬುದನ್ನು ಇದರ ಜೊತೆಗಿಟ್ಟು ನೋಡಿ.

ಒದ್ದೆಯಾದಾಗಿನ ಬಲವೂ ಬೇರೆ ಬೇರೆ. ಹತ್ತಿ ಮತ್ತು ಲಿನನ್ ಒಣಗಿದ್ದಾಗಿಗಿಂತ ಒದ್ದೆಯಲ್ಲಿ ಗಟ್ಟಿ, ಅದಕ್ಕೇ ಅವು ಉಜ್ಜಿದರೂ ತಡೆಯುತ್ತವೆ. ಉಣ್ಣೆ, ರೇಷ್ಮೆ ಒದ್ದೆಯಾದರೆ ಬಲ ಕಳೆದುಕೊಳ್ಳುತ್ತವೆ. ಇನ್ನು ವಿಸ್ಕೋಸ್ ಅಥವಾ ರೇಯಾನ್ ಮರದ ತಿರುಳಿನಿಂದ ಬಂದದ್ದಾದರೂ ಕಾರ್ಖಾನೆಯಲ್ಲಿ ಕರಗಿಸಿ ಮತ್ತೆ ಎಳೆಯಾಗಿಸಿದ್ದು. ಒದ್ದೆಯಲ್ಲಿ ಅದರ ಬಲ ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ. ಮೆತ್ತಗೆ ನುಣುಪಾಗಿರುವ "ಬಿದಿರಿನ ಬಟ್ಟೆ" ಬಹುಪಾಲು ಇದೇ ವಿಸ್ಕೋಸ್. ಅದನ್ನು ಹತ್ತಿಯೆಂದು ತಿಳಿದು ತಿರುಚಿ ಹಿಂಡಿದರೆ ಹೊಲಿಗೆಯ ಪಕ್ಕದಲ್ಲೇ ಪಿಸಿಯುತ್ತದೆ.

ಲೇಬಲ್ ಹರಿದುಹೋಗಿದ್ದರೆ ಸುಟ್ಟು ನೋಡಬಹುದು. ಒಳಹೊಲಿಗೆಯ ಅಂಚಿನಿಂದ ನಾಲ್ಕೈದು ಎಳೆ ಕೀಳಿ. ಹಾಸು ಮತ್ತು ಹೊಕ್ಕು ಬೇರೆ ಬೇರೆ ನೂಲಿನವಾಗಿರಬಹುದು, ಆದ್ದರಿಂದ ಎರಡರಿಂದಲೂ ತೆಗೆಯಿರಿ. ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆಯಿಟ್ಟು, ಬೆಂಕಿಯ ಅಂಚಿಗೆ ತನ್ನಿ. ಹತ್ತಿ, ಲಿನನ್ ಥಟ್ಟನೆ ಹೊತ್ತಿಕೊಂಡು ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆಯ ಬೂದಿಯಾಗುತ್ತವೆ. ವಿಸ್ಕೋಸ್ ಕೂಡ ಹೀಗೇ ಉರಿಯುವುದರಿಂದ ಹತ್ತಿಯನ್ನೂ ಅದನ್ನೂ ಈ ಪರೀಕ್ಷೆ ಬೇರ್ಪಡಿಸಲಾರದು. ಉಣ್ಣೆ, ರೇಷ್ಮೆ ಮುದುರಿಕೊಂಡು ನಿಧಾನ ಉರಿದು, ಬೆಂಕಿ ತೆಗೆದೊಡನೆ ಆರುತ್ತವೆ. ಕೂದಲು ಸುಟ್ಟ ವಾಸನೆ ಬರುತ್ತದೆ, ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಕರಗಿ ಗಟ್ಟಿ ಮಣಿಯಾದರೆ ಅದರಲ್ಲಿ ಪಾಲಿಯೆಸ್ಟರ್ ಅಥವಾ ನೈಲಾನ್ ಇದೆ.

ಲೇಬಲ್ ಇದ್ದರೆ ಸಣ್ಣಕ್ಷರವನ್ನೂ ಓದಿ. "ಹತ್ತಿ" ಎಂದು ಕೊಂಡ ಪ್ಯಾಂಟಿನಲ್ಲಿ 2ರಿಂದ 5 ಶೇಕಡಾ ಎಲಾಸ್ಟೇನ್, ಅಂದರೆ ರಬ್ಬರಿನಂತೆ ಹಿಗ್ಗುವ ಕೃತಕ ಎಳೆ, ಇರುವುದು ಸಾಮಾನ್ಯ. ಹತ್ತಿ ಬಿಸಿ ತಡೆದರೂ ಎಲಾಸ್ಟೇನ್ ತಡೆಯದು. ಮೊಣಕಾಲಿನ ಬಳಿ ಪ್ಯಾಂಟು ಜೋಲುವುದಕ್ಕೆ ಬಹಳ ಸಲ ಅದೇ ಕಾರಣ.

ಒಗೆಯಲೇಬೇಕೇ?

ಉಣ್ಣೆಯ ಮಟ್ಟಿಗೆ ಹೆಚ್ಚಿನ ಸಲ ಬೇಡ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಆ ತೇವವನ್ನು ಹೊರಗೆ ಬಿಡಲು ಸಮಯ ಕೊಟ್ಟರೆ ವಾಸನೆಯೂ ಬಹುಪಾಲು ಹೋಗುತ್ತದೆ. ತೊಟ್ಟ ಸ್ವೆಟರನ್ನು ರಾತ್ರಿಯಿಡೀ ಗಾಳಿಯಾಡುವಲ್ಲಿ ಹರಡಿ, ಮರುದಿನ ಮೃದು ಬ್ರಷ್‌ನಲ್ಲಿ ಒಂದೇ ದಿಕ್ಕಿಗೆ ಕೊಡವಿ, ನಡುವೆ ಒಂದು ದಿನ ಬಿಡುವು ಕೊಡಿ. ಒಳಗೆ ಹತ್ತಿಯ ಅಂಗಿಯಿದ್ದರೆ ಹತ್ತಾರು ಸಲ ಹೀಗೇ ನಡೆಯುತ್ತದೆ.

ರೇಷ್ಮೆಯದು ಇದಕ್ಕೆ ತದ್ವಿರುದ್ಧ. ಬೆವರಿನ ಲವಣ, ಡಿಯೋಡರೆಂಟಿನ ಅಲ್ಯೂಮಿನಿಯಂ ಎರಡೂ ರೇಷ್ಮೆಯ ಶತ್ರುಗಳು. ಕಂಕುಳಲ್ಲಿ ಬೆವರು ಕೂತ ರೇಷ್ಮೆಯನ್ನು "ಮತ್ತೊಮ್ಮೆ ತೊಟ್ಟು ಒಗೆದರಾಯಿತು" ಎಂದು ಕಪಾಟಿಗೆ ಸೇರಿಸಿದರೆ ಕೆಲ ತಿಂಗಳಲ್ಲಿ ಅಲ್ಲಿ ಬಣ್ಣ ಮಾಸಿ ಎಳೆ ಒಡೆಯುತ್ತದೆ. ಬೆವರಿದ ರೇಷ್ಮೆಯನ್ನು ಅಂದೇ ನೀರು ಕಾಣಿಸಿ. ಬೆವರದಿದ್ದರೆ ಗಾಳಿಗೆ ಹಾಕಿದರೆ ಸಾಕು. ಮೈಗಂಟಿದ ಹತ್ತಿಯನ್ನು ಪ್ರತಿ ಸಲ ಒಗೆಯಿರಿ. ಜೀನ್ಸ್, ಜಾಕೆಟ್, ಲಿನನ್ ಕೋಟಿಗೆ ಆ ಅಗತ್ಯವಿಲ್ಲ.

ಕೈ, ಮಷಿನ್, ಡ್ರೈಕ್ಲೀನ್

ಹತ್ತಿಯಾದರೆ ಹೆಚ್ಚು ಯೋಚನೆ ಬೇಡ, ಮಷಿನ್ ಸಾಕು. ಕೈಯೊಗೆತವೇ ಮೃದು ಎಂಬುದು ಎಲ್ಲ ಬಾರಿಯೂ ನಿಜವಲ್ಲ: ಬ್ರಷ್‌ನಿಂದ ಕಾಲರ್ ತಿಕ್ಕುವುದು, ಬಡಿಯುವುದು, ಬಲವಾಗಿ ಹಿಂಡುವುದು ಫ್ರಂಟ್ ಲೋಡ್ ಮಷಿನ್‌ಗಿಂತ ಹೆಚ್ಚು ಸವೆಸುತ್ತವೆ. ನಡುವೆ ಕಂಬ ತಿರುಗುವ ಹಳೆಯ ಮಾದರಿಯ ಟಾಪ್ ಲೋಡ್ ಮಾತ್ರ ಬಟ್ಟೆಯನ್ನು ಎಳೆದಾಡುತ್ತದೆ, ಅದಕ್ಕೆ ಹಾಕುವುದಿದ್ದರೆ ನಾಜೂಕಿನವನ್ನು ಜಾಲರಿ ಚೀಲದಲ್ಲಿಡಿ. ಹತ್ತಿಯನ್ನು ಒಳಮೈ ಹೊರಗಾಗಿ ತಿರುಗಿಸಿ, ಜಿಪ್ ಎಳೆದು, ಡ್ರಮ್ಮಿನ ಮುಕ್ಕಾಲು ತುಂಬುವಷ್ಟು ಹಾಕಿ. ಬಣ್ಣದ್ದಕ್ಕೆ 30 ಡಿಗ್ರಿ, ಬಿಳಿ ಹಾಸಿಗೆಬಟ್ಟೆ ಟವೆಲ್‌ಗೆ 60 ಡಿಗ್ರಿ. ತೀರಾ ಕಡಿಮೆ ಹಾಕಿದರೂ ತೊಂದರೆಯೇ, ಬಟ್ಟೆ ಒದ್ದೆ ಮುದ್ದೆಯಾಗಿ ಬಡಿದುಕೊಳ್ಳುತ್ತದೆ.

ಲಿನನ್ ಹತ್ತಿಯ ಜಾತಿಯದೇ, ಆದರೆ ಅದರ ಎಳೆಗೆ ಬಾಗುವ ಗುಣ ಕಡಿಮೆ. ಒಂದೇ ಮಡಿಕೆಯಲ್ಲಿ ಮತ್ತೆ ಮತ್ತೆ ಮಡಚಿದರೆ ಅಲ್ಲೇ ಬಿರುಕು ಬಿಡುತ್ತದೆ. ಡ್ರಮ್ಮನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಸ್ಪಿನ್ ನಿಮಿಷಕ್ಕೆ 600ರಿಂದ 800 ಸುತ್ತಿಗೆ ನಿಲ್ಲಲಿ, ಮುಗಿದೊಡನೆ ತೆಗೆದು ಝಾಡಿಸಿ. ಮಷಿನ್ನಿನಲ್ಲೇ ರಾತ್ರಿ ಕಳೆದ ಲಿನನ್ನಿನ ಸುಕ್ಕು ತೆಗೆಯಲು ಇಸ್ತ್ರಿಪೆಟ್ಟಿಗೆಯ ಪೂರ್ತಿ ಬಿಸಿ ಬೇಕಾಗುತ್ತದೆ, ಅದೂ ಇನ್ನೊಂದು ಸವೆತ.

ಉಣ್ಣೆಗೆ ಬಂದರೆ ಕಥೆ ಬೇರೆ. ಎಳೆಯ ಮೈಮೇಲೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತ ಸಣ್ಣ ಪದರಗಳಿವೆ. ನೀರು ಬಿದ್ದಾಗ ಅವು ತೆರೆದುಕೊಳ್ಳುತ್ತವೆ. ಆ ಸ್ಥಿತಿಯಲ್ಲಿ ಅಲುಗಾಡಿಸಿದರೆ ಪಕ್ಕದ ಎಳೆಗಳ ಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಒಂದೇ ದಿಕ್ಕಿಗೆ ಸರಿಯುತ್ತವೆ, ಹಿಂದಕ್ಕೆ ಬರುವುದಿಲ್ಲ. ಉಣ್ಣೆ ಜಡೆಗಟ್ಟುವುದೆಂದರೆ ಇದೇ. ಬಿಸಿ, ಕ್ಷಾರ, ಉಜ್ಜಾಟ ಮೂರೂ ಸೇರಿದರೆ ದೊಡ್ಡವರ ಸ್ವೆಟರು ಮಗುವಿನ ಅಳತೆಗಿಳಿಯುತ್ತದೆ. ಹೀಗೆ ಕುಗ್ಗಿದ್ದನ್ನು ಕೂದಲಿನ ಕಂಡಿಷನರ್‌ನಲ್ಲಿ ನೆನೆಸಿ ಎಳೆದು ಸರಿಮಾಡುವ ಉಪಾಯ ಅಲ್ಪಸ್ವಲ್ಪ ಕುಗ್ಗಿದ್ದಕ್ಕೆ ನಡೆದೀತು. ಹೆಣಿಗೆಯ ಕಣ್ಣುಗಳೇ ಕಾಣದಷ್ಟು ಜಡೆಗಟ್ಟಿದ್ದರೆ ಆಸೆ ಬಿಡಿ.

ಲೇಬಲ್ಲಿನಲ್ಲಿ "ಸೂಪರ್‌ವಾಶ್" ಎಂದಿದ್ದರೆ ಆ ಪದರಗಳನ್ನು ಮೊದಲೇ ಸವೆಸಿ ಅಥವಾ ಅಂಟು ಲೇಪಿಸಿ ಮುಚ್ಚಿರುತ್ತಾರೆ. ಮಷಿನ್ನಿನ ಉಣ್ಣೆ ಸೈಕಲ್ ಅದಕ್ಕೆ ಸರಿ, ಡ್ರಮ್ಮಿನ ಮೂರನೇ ಒಂದು ಭಾಗ ಮಾತ್ರ ತುಂಬಿ. ಅದಿಲ್ಲದ ಹೆಣಿಗೆ ಉಣ್ಣೆಗೆ ನಮ್ಮ ಆಯ್ಕೆ ಕೈಯೊಗೆತವೇ. ಹೀಗೆ ಮಾಡಿ:

1. ಒಗೆಯುವ ಮೊದಲು ಎದೆಯಗಲ, ಉದ್ದ, ತೋಳಿನುದ್ದ ಅಳೆದು ಬರೆದಿಡಿ.
2. ಬಕೆಟ್ಟಿಗೆ 30 ಡಿಗ್ರಿ ಮೀರದ 5 ಲೀಟರ್ ನೀರು, ಉಣ್ಣೆಗೆಂದೇ ಮಾಡಿದ ದ್ರವ ಸುಮಾರು ಒಂದು ಟೀ ಚಮಚ. ಮೊದಲು ಕಲಕಿ, ಆಮೇಲೆ ಬಟ್ಟೆ ಮುಳುಗಿಸಿ.
3. ಹತ್ತು ನಿಮಿಷ ಸುಮ್ಮನೆ ಬಿಡಿ. ನಡುವೆ ಒಂದೆರಡು ಸಲ ಅಂಗೈಯಿಂದ ಒತ್ತಿ ಬಿಟ್ಟರೆ ಸಾಕು, ಉಜ್ಜುವಂತಿಲ್ಲ, ತಿರುವುವಂತಿಲ್ಲ.
4. ಅದೇ ಬಿಸಿಯ ನೀರಿನಲ್ಲಿ ಎರಡು ಸಲ ಜಾಲಾಡಿಸಿ. ಬೆಚ್ಚಗಿನದರಿಂದ ತಣ್ಣಗಿನದಕ್ಕೆ ಹಠಾತ್ತಾಗಿ ಹಾರಿಸಬೇಡಿ.
5. ಎತ್ತುವಾಗ ಎರಡೂ ಕೈಯಲ್ಲಿ ಕೆಳಗಿನಿಂದ ಎತ್ತಿ. ನೀರು ಕುಡಿದ ಸ್ವೆಟರನ್ನು ಭುಜ ಹಿಡಿದೆತ್ತಿದರೆ ಅದರ ತೂಕವೇ ಅದನ್ನು ಜೋಲಿಸುತ್ತದೆ.
6. ದಪ್ಪ ಟವೆಲ್ ಮೇಲೆ ಹರಡಿ, ಟವೆಲ್ ಸಮೇತ ಸುರುಳಿ ಸುತ್ತಿ ಮೇಲೆ ಒತ್ತಿ. ಇನ್ನೊಂದು ಒಣ ಟವೆಲ್ ಮೇಲೆ ಬರೆದಿಟ್ಟ ಅಳತೆಗೆ ಎಳೆದು ಕೂರಿಸಿ.

ರೇಷ್ಮೆಗೂ ಇದೇ ದಾರಿ, ಆದರೆ ತಣ್ಣೀರು, ಮೂರರಿಂದ ಐದು ನಿಮಿಷವಷ್ಟೇ. ಮೊದಲು ಬಣ್ಣ ಬಿಡುತ್ತದೆಯೇ ನೋಡಿ: ಒಳಮಡಿಕೆಯ ಒಂದು ಮೂಲೆಗೆ ಒದ್ದೆ ಬಿಳಿ ಹತ್ತಿ ಬಟ್ಟೆ ಒತ್ತಿಹಿಡಿದು ಒಂದು ನಿಮಿಷ ಬಿಟ್ಟು ತೆಗೆಯಿರಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದ್ದರೆ ನೀರಿಗೆ ಹಾಕಬೇಡಿ. ಕೊನೆಯ ನೀರಿಗೆ 5 ಲೀಟರಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಸೇರಿಸಿದರೆ ಉಳಿದ ಕ್ಷಾರ ಹೋಗಿ ಹೊಳಪು ಮರಳುತ್ತದೆ.

ರೇಷ್ಮೆಯ ಕಲೆಯನ್ನು ಮಾತ್ರ ಉಜ್ಜಲೇಬಾರದು. ಕಲೆ ಹೋದ ಜಾಗ ಒಣಗಿದ ಮೇಲೆ ಬಿಳಿಚಿ, ಪುಡಿ ಮೆತ್ತಿದಂತೆ ಕಂಡರೆ ಅದು ಹೊಸ ಕಲೆಯಲ್ಲ. ಒದ್ದೆಯಲ್ಲಿ ಉಜ್ಜಿದಾಗ ಎಳೆಯ ಮೇಲ್ಮೈ ಸಿಗುರೆದ್ದು ಬೆಳಕು ಬೇರೆ ಥರ ಚದುರುತ್ತದೆ. ಏನು ಮಾಡಿದರೂ ಅದು ಮೊದಲಿನಂತಾಗದು. ಕಲೆಯ ಮೇಲಷ್ಟೇ ನೀರು ಚಿಮುಕಿಸಿದರೂ ಒಣಗಿದಾಗ ಅಂಚಿನಲ್ಲಿ ಉಂಗುರ ಉಳಿಯುತ್ತದೆ. ಒಗೆಯುವುದಿದ್ದರೆ ಇಡೀ ಬಟ್ಟೆಯನ್ನೇ ಒದ್ದೆ ಮಾಡಿ.

ಡ್ರೈಕ್ಲೀನ್ ಯಾವಾಗ? ಒಳಗೆ ಅಂಟಿಸಿದ ಪದರವಿರುವ ಕೋಟು, ಬಣ್ಣ ಬಿಡುವ ರೇಷ್ಮೆ, ಬಿಗಿ ಹುರಿಯ ಕ್ರೇಪ್, ಮಖಮಲ್, ಲೋಹದ ಎಳೆಯ ಕಸೂತಿ – ಇವಕ್ಕೆ ಬೇರೆ ದಾರಿಯಿಲ್ಲ. ಉಳಿದವಕ್ಕೆ ಅದು ಅನಗತ್ಯ. ಡ್ರೈಕ್ಲೀನಿನ ದ್ರಾವಕ ಎಣ್ಣೆ ಜಿಡ್ಡನ್ನು ಚೆನ್ನಾಗಿ ಎಳೆಯುತ್ತದೆ, ಆದರೆ ಬೆವರಿನ ಲವಣ ಕರಗುವುದು ನೀರಿನಲ್ಲಿ. ವರ್ಷಗಟ್ಟಲೆ ಡ್ರೈಕ್ಲೀನ್ ಮಾತ್ರ ಕಂಡ ಕೋಟಿನ ಕಂಕುಳು ಗಡುಸಾಗುವುದು ಇದರಿಂದಲೇ. ಲೇಬಲ್ಲಿನ ವೃತ್ತದಲ್ಲಿ ಪಿ ಎಂದಿದ್ದರೆ ಪರ್‌ಕ್ಲೋರೋಎಥಿಲೀನ್ ಬಳಸಬಹುದು, ಎಫ್ ಎಂದರೆ ಹಗುರ ಹೈಡ್ರೋಕಾರ್ಬನ್ ಮಾತ್ರ, ಡಬ್ಲ್ಯೂ ಎಂದರೆ ವೃತ್ತಿಪರರು ನೀರಿನಲ್ಲೇ ಒಗೆಯುವ ವಿಧಾನ. ಪರ್‌ಕ್ಲೋರೋಎಥಿಲೀನ್ ಆರೋಗ್ಯಕ್ಕೆ ಒಳ್ಳೆಯದಲ್ಲ. ಡ್ರೈಕ್ಲೀನ್‌ನಲ್ಲಿ ಅದರ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ನಿಯಮವನ್ನು ಅಮೆರಿಕ 2024ರ ಡಿಸೆಂಬರಿನಲ್ಲಿ ಅಂತಿಮಗೊಳಿಸಿತು. ಮನೆಗೆ ತಂದ ಬಟ್ಟೆಯ ಪ್ಲಾಸ್ಟಿಕ್ ಕವರು ತೆಗೆದು, ಒಂದು ದಿನ ಗಾಳಿಗೆ ಬಿಟ್ಟು ಆಮೇಲೆ ಒಳಗಿಡಿ.

ಪುಡಿಯೋ, ದ್ರವವೋ, ಬ್ಲೀಚೋ

ಪುಡಿ ಡಿಟರ್ಜೆಂಟು ಬಿಳಿ ಹತ್ತಿ ಮತ್ತು ಲಿನನ್‌ಗೆ ಚೆನ್ನ: ಕ್ಷಾರವಿದೆ, ಹಲವದರಲ್ಲಿ ಆಮ್ಲಜನಕದ ಬ್ಲೀಚೂ ಇದೆ. ಬಣ್ಣದ ಹತ್ತಿಗೆ ಬ್ಲೀಚಿಲ್ಲದ ದ್ರವ ಮೇಲು. ಉಣ್ಣೆ, ರೇಷ್ಮೆಗೆ ಎರಡೂ ಬೇಡ, ಅದಕ್ಕೆ ಕಾರಣ ಕ್ಷಾರವೊಂದೇ ಅಲ್ಲ. ರಕ್ತ, ಹಾಲು, ಮೊಟ್ಟೆಯ ಕಲೆ ತಿನ್ನಲೆಂದು ಹಾಕುವ ಪ್ರೋಟಿಯೇಸ್ ಕಿಣ್ವಕ್ಕೆ ಕಲೆಯ ಪ್ರೋಟೀನೂ ಬಟ್ಟೆಯ ಪ್ರೋಟೀನೂ ಒಂದೇ. ಒಂದು ಒಗೆತದಲ್ಲಿ ಗೊತ್ತಾಗುವುದಿಲ್ಲ; ಹತ್ತಿಪ್ಪತ್ತು ಒಗೆತದ ಮೇಲೆ ರೇಷ್ಮೆ ಮಂಕಾಗಿ, ಉಣ್ಣೆ ತೆಳ್ಳಗಾಗಿರುತ್ತದೆ. ಬಣ್ಣ ಹಾಕದ ಕೆನೆಬಣ್ಣದ ಬಟ್ಟೆಗೆ "ಹೆಚ್ಚುವರಿ ಬಿಳುಪು" ಎಂದು ಬರೆದ ಯಾವುದನ್ನೂ ಬಳಸಬೇಡಿ. ಅದರಲ್ಲಿನ ಹೊಳಪುಕಾರಕ ಎಳೆಗಂಟಿ, ಕೆನೆಬಣ್ಣ ನೀಲಿ ಛಾಯೆಯ ಬಿಳಿಯಾಗುತ್ತದೆ.

ಬ್ಲೀಚಿನಲ್ಲಿ ಎರಡು ಬಗೆ. ಕ್ಲೋರಿನ್ ಬ್ಲೀಚು, ಅಂದರೆ ಸೋಡಿಯಂ ಹೈಪೋಕ್ಲೋರೈಟ್, ಉಣ್ಣೆಯನ್ನೂ ರೇಷ್ಮೆಯನ್ನೂ ಅಕ್ಷರಶಃ ಕರಗಿಸುತ್ತದೆ. ಹತ್ತಿಯನ್ನು ಬಿಳಿ ಮಾಡುತ್ತಾ ಎಳೆಯ ಬಲವನ್ನೂ ತಿನ್ನುತ್ತದೆ. ಆಮ್ಲಜನಕದ ಬ್ಲೀಚು, ಸೋಡಿಯಂ ಪರ್‌ಕಾರ್ಬೊನೇಟ್, ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕ್ಷಾರೀಯವಾದ ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಹತ್ತಿ, ಲಿನನ್‌ಗೆ ನಾವು ಹೇಳುವುದು ಇದನ್ನೇ: 5 ಲೀಟರ್ 40–50 ಡಿಗ್ರಿ ನೀರಿಗೆ ಒಂದು ದೊಡ್ಡ ಚಮಚ, ಒಂದೆರಡು ತಾಸು ನೆನೆಸಿ. ತಣ್ಣೀರಲ್ಲಿ ಇದು ಕೆಲಸ ಮಾಡದೆ ಕೂರುತ್ತದೆ. "ಏನೂ ಆಗಲಿಲ್ಲ" ಎನ್ನುವವರು ಬಹುಶಃ ಅಲ್ಲೇ ಎಡವಿರುತ್ತಾರೆ. ಸೋಡಾ ಇರುವುದರಿಂದ ಉಣ್ಣೆ, ರೇಷ್ಮೆಗೆ ಇದೂ ಸಲ್ಲ. ಕ್ಲೋರಿನ್ ಬ್ಲೀಚಿನ ಜೊತೆ ವಿನೆಗರ್ ಅಥವಾ ಯಾವುದೇ ಹುಳಿ ಸೇರಿಸಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಪ್ರೋಟೀನಿನ ಕಲೆಗೆ ಯಾವಾಗಲೂ ತಣ್ಣೀರೇ. ಬಿಸಿ ತಾಗಿದರೆ ರಕ್ತ ಎಳೆಯೊಳಗೇ ಹೆಪ್ಪುಗಟ್ಟುತ್ತದೆ.

ಸಾಫ್ಟನರ್ ಬಗ್ಗೆ ನಮ್ಮ ಅಭಿಪ್ರಾಯ ಖಂಡಿತ: ಟವೆಲ್‌ಗೆ ಬೇಡ. ಅದು ಎಳೆಗೆ ಜಿಡ್ಡಿನ ಲೇಪ ಕೊಡುವುದರಿಂದ ಟವೆಲ್ ಮೆತ್ತಗಾಗಿ ನೀರು ಹೀರುವುದನ್ನೇ ಬಿಡುತ್ತದೆ. ಗಡುಸು ನೀರಿನಿಂದ ಒರಟಾಗಿದ್ದರೆ ಕೊನೆಯ ಜಾಲಾಟಕ್ಕೆ ಕಾಲು ಲೋಟ ವಿನೆಗರ್ ಸಾಕು. ಬಹಳ ಸಲ ಒರಟುತನಕ್ಕೆ ಕಾರಣ ಬಟ್ಟೆಯಲ್ಲೇ ಉಳಿದ ಡಿಟರ್ಜೆಂಟು. ಪ್ರಮಾಣ ಅರ್ಧಕ್ಕಿಳಿಸಿ ನೋಡಿ.

ಬಿಸಿಲು, ನೆರಳು, ಡ್ರೈಯರ್

ಬಿಳಿ ಹತ್ತಿಗೆ ಬಿಸಿಲು ಒಳ್ಳೆಯದೇ. ಬಣ್ಣದ ಹತ್ತಿಯನ್ನು ಒಳಮೈ ಹೊರಗಾಗಿಸಿ ನೆರಳಲ್ಲಿ ಒಣಗಿಸಿ. ರೇಷ್ಮೆ, ಉಣ್ಣೆ ಬಿಸಿಲಿಗೆ ಹಳದಿಯಾಗುತ್ತವೆ, ರೇಷ್ಮೆಯಂತೂ ಬಲವನ್ನೂ ಕಳೆದುಕೊಳ್ಳುತ್ತದೆ. ನೇಯ್ದ ಬಟ್ಟೆಯನ್ನು ಹ್ಯಾಂಗರಿಗೆ ಹಾಕಬಹುದು. ಹೆಣೆದದ್ದನ್ನು ಚಪ್ಪಟೆಯಾಗಿ ಹರಡಲೇಬೇಕು, ಟೀ ಶರ್ಟನ್ನಾದರೂ ಭುಜಕ್ಕೆ ಕ್ಲಿಪ್ ಹಾಕದೆ ನಡುವಿನಲ್ಲಿ ಹಗ್ಗಕ್ಕೆ ಮಡಚಿ ಹಾಕಿ.

ಡ್ರೈಯರ್ ಹತ್ತಿಗೆ ಮಾತ್ರ, ಅದೂ ಪೂರ್ತಿ ಒಣಗುವ ಮೊದಲೇ ತೆಗೆಯುವುದಾದರೆ. ಹತ್ತಿಯಲ್ಲಿ ಮಾಮೂಲಿಯಾಗಿ 7–8 ಶೇಕಡಾ ತೇವ ಇದ್ದೇ ಇರುತ್ತದೆ. ಅದನ್ನೂ ಹೊರಹಾಕುವಷ್ಟು ಬಿಸಿಯಲ್ಲಿ ಉರುಳಿಸಿದರೆ ಎಳೆ ಪೆಡಸಾಗಿ, ಅಂಚುಗಳಿಂದ ಜುಂಗು ಉದುರತೊಡಗುತ್ತದೆ. ಅಂಚು ಇನ್ನೂ ತುಸು ತೇವವಿರುವಾಗ ತೆಗೆದು ಉಳಿದದ್ದನ್ನು ಗಾಳಿಗೆ ಬಿಡಿ.

ಇಸ್ತ್ರಿ, ಹಬೆ

ಇಸ್ತ್ರಿಪೆಟ್ಟಿಗೆಯ ಒಂದು ಚುಕ್ಕೆ 110 ಡಿಗ್ರಿ, ಎರಡು 150, ಮೂರು 200. ಲಿನನ್, ಹತ್ತಿಗೆ ಮೂರು, ಉಣ್ಣೆಗೆ ಎರಡು, ರೇಷ್ಮೆಗೆ ಒಂದರಿಂದ ಶುರುಮಾಡಿ. ಲಿನನ್ನನ್ನು ತೇವವಿರುವಾಗಲೇ ಒಳಮೈಯಿಂದ ತೀಡಿ. ಉಣ್ಣೆಯ ಮೇಲೆ ಒದ್ದೆ ಹತ್ತಿ ಬಟ್ಟೆ ಹಾಸಿ, ಪೆಟ್ಟಿಗೆಯನ್ನು ಎಳೆಯದೆ ಇಟ್ಟು ಎತ್ತಿ, ಇಟ್ಟು ಎತ್ತಿ. ಎಳೆದರೆ ಎಳೆ ಚಪ್ಪಟೆಯಾಗಿ ಪ್ಯಾಂಟಿನ ಹಿಂಭಾಗದಲ್ಲಿ ಕಾಣುವ ಆ ಮಿಂಚು ಬರುತ್ತದೆ. ದಿನನಿತ್ಯದ ಸುಕ್ಕಿಗೆ ಹಬೆಯೇ ಸಾಕು. ರೇಷ್ಮೆಗೆ ಮಾತ್ರ ನೀರು ತೊಟ್ಟಿಕ್ಕುವ ಸ್ಟೀಮರನ್ನು ಹತ್ತಿರ ತರಬೇಡಿ.

ಇಡುವಾಗ

ಹೆಣೆದದ್ದನ್ನು ಮಡಚಿ, ನೇಯ್ದದ್ದನ್ನು ನೇತುಹಾಕಿ. ಕೋಟಿಗೆ ಅಗಲ ಭುಜದ ಹ್ಯಾಂಗರ್ ಬೇಕು. ತಂತಿಯದು ಭುಜದಲ್ಲಿ ಗುಬುಟು ಬಿಡುತ್ತದೆ. ಲೋಹದ ಎಳೆಯಿರುವ ರೇಷ್ಮೆಯನ್ನು ಮೂರು ತಿಂಗಳಿಗೊಮ್ಮೆ ತೆಗೆದು ಬೇರೆ ಗೆರೆಯಲ್ಲಿ ಮಡಚಿ, ಇಲ್ಲವೇ ಕೊಳವೆಗೆ ಸುತ್ತಿಡಿ. ಗಂಜಿ ಹಾಕಿದ ಹತ್ತಿಯನ್ನು ದೀರ್ಘಕಾಲ ಇಡುವುದಾದರೆ ಗಂಜಿ ತೊಳೆದಿಡಿ, ಪಿಷ್ಟ ತಿನ್ನುವ ಬೆಳ್ಳಿಹುಳು ಅಲ್ಲಿಗೇ ಬರುತ್ತದೆ. ಪ್ಲಾಸ್ಟಿಕ್ ಕವರು ತೇವವನ್ನು ಒಳಗೇ ಹಿಡಿದಿಟ್ಟು ಬೂಷ್ಟು ತರುತ್ತದೆ. ಒಗೆದ ಹತ್ತಿಯ ಹಳೆ ಹೊದಿಕೆಯೇ ಒಳ್ಳೆಯ ಚೀಲ.

ಉಣ್ಣೆ ಕೆಡಿಸುವ ನುಸಿಗೆ, ಅಂದರೆ ಬಟ್ಟೆ ಪತಂಗಕ್ಕೆ, ಮೂರು ದಾರಿ ಹೇಳುತ್ತಾರೆ. ದೇವದಾರು ಚಕ್ಕೆ, ಲ್ಯಾವೆಂಡರ್ ಇತ್ಯಾದಿ ಪರಿಮಳ ಮೊದಲನೆಯದು. ಅದು ಬರುವ ಪತಂಗವನ್ನು ತುಸು ತಡೆದೀತು, ಬಟ್ಟೆಯಲ್ಲಾಗಲೇ ಇರುವ ಹುಳುವನ್ನು ಕೊಲ್ಲುವುದಿಲ್ಲ. ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಅದಕ್ಕೆ ಬೆವರು, ಆಹಾರದ ಕಲೆಯಿರುವ ಉಣ್ಣೆ ಹೆಚ್ಚು ಇಷ್ಟ. ನುಸಿಗುಳಿಗೆ ಎರಡನೆಯದು. ಮುಚ್ಚಿದ ಪೆಟ್ಟಿಗೆಯಲ್ಲಿ ಕೆಲಸ ಮಾಡುತ್ತದೆ, ಗಾಳಿಯಾಡುವ ಕಪಾಟಿನಲ್ಲಿ ವಾಸನೆ ಮಾತ್ರ. ಅದರ ಆವಿ ಗಾಳಿಗಿಂತ ಭಾರ, ಹಾಗಾಗಿ ಗುಳಿಗೆ ಬಟ್ಟೆಯ ಮೇಲುಗಡೆ ಕಾಗದದಲ್ಲಿ ಸುತ್ತಿರಬೇಕು. ನ್ಯಾಫ್ತಲೀನ್ ಗುಳಿಗೆಯನ್ನೂ ಪ್ಯಾರಾಡೈಕ್ಲೋರೋಬೆಂಜೀನ್ ಗುಳಿಗೆಯನ್ನೂ ಒಟ್ಟಿಗೆ ಹಾಕಿದರೆ ಎರಡೂ ಕರಗಿ ಬಟ್ಟೆಗೆ ಕಲೆ ಹತ್ತುತ್ತದೆ. ಎಳೆಮಕ್ಕಳ ಬಟ್ಟೆಗಂತೂ ನ್ಯಾಫ್ತಲೀನ್ ಬೇಡ, ಕೆಲವು ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ.

ಮೂರನೆಯದಾದ ಫ್ರೀಜರನ್ನೇ ನಾವು ಮೊದಲು ಆರಿಸುತ್ತೇವೆ. ಒಗೆದು ಚೆನ್ನಾಗಿ ಒಣಗಿದ ಉಣ್ಣೆಯನ್ನು ಚೀಲಕ್ಕೆ ಹಾಕಿ, ಗಾಳಿ ಹೊರಗೊತ್ತಿ, ಬಾಯಿ ಬಿಗಿದು, ಮೈನಸ್ 18 ಡಿಗ್ರಿಯಲ್ಲಿ ಇಡಿ. 72 ತಾಸು ಕನಿಷ್ಠ. ಬಾಗಿಲು ಆಗಾಗ ತೆರೆಯುವ ಮನೆಯ ಫ್ರೀಜರಿಗೆ ಎರಡು ವಾರ ಕೊಡಿ, ದಪ್ಪ ಬಟ್ಟೆಯ ನಡುವಿಗೆ ಚಳಿ ಇಳಿಯಲು ಸಮಯ ಬೇಕು. ತೆಗೆದ ಕೂಡಲೇ ಚೀಲ ಬಿಚ್ಚಬೇಡಿ, ತಣ್ಣನೆಯ ಉಣ್ಣೆಯ ಮೇಲೆ ಹೊರಗಿನ ತೇವ ಕೂರುತ್ತದೆ. ಒಂದು ದಿನ ಹೊರಗಿದ್ದು ಕೋಣೆಯ ಬಿಸಿಗೆ ಬಂದ ಮೇಲೆ ತೆರೆದು, ಕಾಲರ್ ಮಡಿಕೆ, ಜೇಬಿನ ಮೂಲೆ, ಹೊಲಿಗೆಯ ಒಳಬದಿಯನ್ನು ಬ್ರಷ್‌ನಿಂದ ಕೊಡವಿ. ಮೊಟ್ಟೆಗಳು ಅಂಟಿರುವುದು ಅಲ್ಲೇ. ಈ ಹೊತ್ತಿಗೆ ಕಪಾಟಿನ ಬಿರುಕು, ಮೂಲೆಗಳನ್ನೂ ವ್ಯಾಕ್ಯೂಮಿನಿಂದ ಎಳೆದು ಆ ಕಸವನ್ನು ಮನೆಯಿಂದ ಹೊರಗೆ ಹಾಕಿರಬೇಕು, ಇಲ್ಲದಿದ್ದರೆ ಶುದ್ಧವಾದ ಬಟ್ಟೆ ಮತ್ತೆ ಅದೇ ಹುಳುವಿನ ಬಾಯಿಗೆ ಬೀಳುತ್ತದೆ.